ಸೂಜಿ ಬೀಳದ ಗಂಟು

ನಮ್ಮ ಕೆಲಸ ನಡೆಯುವುದು ಒಂದು ಕಲ್ಯಾಣ ಮಂಟಪದ ಊಟದ ಮನೆಯಲ್ಲಿ. ಚಿತ್ರದುರ್ಗದ ಕೋಟೆ ರಸ್ತೆಯಿಂದ ಸ್ವಲ್ಪ ಒಳಗಿದೆ ಆ ಮಂಟಪ. ಮದುವೆ ಇಲ್ಲದ ದಿನ ಯಜಮಾನರು ಬೀಗದ ಕೈ ಕೊಡುತ್ತಾರೆ, ಫ್ಯಾನು ಹಾಕಿಕೊಳ್ಳಿ ಅನ್ನುತ್ತಾರೆ. ಮದುವೆ ಇದ್ದ ದಿನ ನಮಗೆ ರಜೆ. ಆಷಾಢ ಬಂತೆಂದರೆ ಊರಿನ ಅಡಿಗೆ ಭಟ್ಟರೆಲ್ಲ ಮುಖ ಸಣ್ಣದು ಮಾಡಿಕೊಂಡು ಕೂರುತ್ತಾರೆ, ನಾವು ಮಾತ್ರ ಹಬ್ಬ ಬಂದ ಹಾಗೆ ಹಿಗ್ಗುತ್ತೇವೆ. ಎಲೆ ಹಾಕುವ ಆ ಉದ್ದನೆ ಮೇಜುಗಳ ಮೇಲೆ ಹಳೆ ಸೀರೆ ಹರವಿಕೊಂಡು ಕತ್ತರಿ ಹಿಡಿಯುತ್ತೇವೆ. ಎಷ್ಟು ಒರೆಸಿದರೂ ಮೇಜಿನಿಂದ ಸಾಂಬಾರಿನ ವಾಸನೆ ಹೋಗುವುದಿಲ್ಲ. ನಾವು ಕಟ್ಟುವ ಗಂಟಿಗೂ ಚೂರು ಇಂಗಿನ ವಾಸನೆ ಅಂಟಿರುತ್ತದೆ ಎಂದು ನನ್ನ ಗುಮಾನಿ.

ಗಂಟು ಎಂದರೆ ಕೌದಿಯ ಗಂಟು. ಹುಟ್ಟಿದ ಕೂಸಿಗೆ ಹಾಸಲು, ಹೊದಿಸಲು ಆಗುವಂಥ ಒಂದು ಪುಟ್ಟ ಕೌದಿಗೆ ಏನೇನು ಬೇಕೋ ಅಷ್ಟನ್ನೂ ಸೇರಿಸಿ ಕಟ್ಟಿದ್ದು. ಮೇಲಕ್ಕೂ ಕೆಳಕ್ಕೂ ಒಂದೊಂದು ಪದರ ಹಳೆ ಹತ್ತಿ ಸೀರೆ, ನಡುವೆ ಹಾಕಲು ಮೆತ್ತನೆ ಪಂಚೆಯ ತುಂಡು, ಅಂದಕ್ಕೆ ಕೂರಿಸಲು ಬಣ್ಣದ ಚೂರುಗಳು, ದಾರದ ಉಂಡೆ, ರಟ್ಟಿಗೆ ಸಿಕ್ಕಿಸಿದ ಒಂದು ಸೂಜಿ. ಹೊಸದಾಗಿ ಬಂದವರು ಕಿಟ್ ಅನ್ನುತ್ತಾರೆ. ನಮ್ಮ ವಯಸ್ಸಿನವರಿಗೆ ಅದು ಗಂಟೇ. ಆಶಾ ಕಾರ್ಯಕರ್ತೆಯರು ಬಂದು ಒಯ್ಯುತ್ತಾರೆ. ತುರುವನೂರು ಕಡೆಗೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ, ಬಸುರಿಯರಿರುವ ಬಡವರ ಮನೆಗಳಿಗೆ ಅವು ಹೋಗುತ್ತವೆ. ಕೂಸು ಹುಟ್ಟಿದ ಮೇಲೆ ಆ ಮನೆಯ ಅಜ್ಜಿಯೋ ಚಿಕ್ಕಮ್ಮನೋ ಕೂತು ಹೊಲಿಯುತ್ತಾರೆ.

ನನ್ನ ಕೆಲಸ ಬಟ್ಟೆ ಮುಟ್ಟಿ ನೋಡುವುದು. ಬ್ಲೌಸ್ ಪೀಸಿನ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡು ಬದುಕಿದವಳು ನಾನು. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಯಾವುದು ಹತ್ತಿ, ಯಾವುದು ಹತ್ತಿಯ ವೇಷ ಹಾಕಿದ್ದು ಎಂದು ಗೊತ್ತಾಗುತ್ತದೆ. ದಾನ ಮಾಡುವವರು ಬಲು ಜಾಣರು. ಮೈಗೆ ಅಂಟುತ್ತದೆ, ಬೆವರುತ್ತದೆ ಎಂದು ತಾವು ಉಡದೆ ಬಿಟ್ಟ ಪಾಲಿಯೆಸ್ಟರ್ ಸೀರೆಯನ್ನೇ ಇಸ್ತ್ರಿ ಮಾಡಿಸಿ ತಂದು, ಇದು ಪ್ಯೂರ್ ಕಾಟನ್ನು ಕಣ್ರಿ ಅನ್ನುತ್ತಾರೆ. ನಾನು ಅವರೆದುರಿಗೇ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಗೀರುತ್ತೇನೆ. ಬೂದಿಯಾದರೆ ಹತ್ತಿ, ಮಣಿಯ ಹಾಗೆ ಮುದುಡಿ ಗಟ್ಟಿಯಾದರೆ ವಾಪಸ್. ಹೀಗೆ ಮುಖದ ಮೇಲೆ ಹೊಡೆದ ಹಾಗೆ ಮಾಡಬೇಡ ಕಣೇ ಎಂದು ನಮ್ಮ ಮನೆಯವರು ಬೇಡಿಕೊಂಡಿದ್ದಾರೆ. ಕೂಸಿನ ಮೈಗಿಂತ ಇವರ ಮುಖ ನಾಜೂಕೇನು?

ಹೊಲಿದೇ ಕೊಡಬಾರದೇನ್ರಿ ಎಂದು ಕೇಳದವರಿಲ್ಲ. ಮೊದಮೊದಲು ಹಾಗೇ ಮಾಡಿದ್ದೆವು. ಚೆಂದ ಚೆಂದದ ಕೌದಿ ಹೊಲಿದು, ಒಗೆದು, ಮಡಿಚಿ ಹಿರಿಯೂರಿನ ಆಚೆಯ ಒಂದು ಹಳ್ಳಿಗೆ ನಾವೇ ಬಸ್ಸು ಹತ್ತಿ ಒಯ್ದೆವು. ಕುರಿ ಸಾಕುವವರ ಮನೆ. ಸೊಸೆಗೆ ದಿನ ತುಂಬಿತ್ತು. ಅಜ್ಜಿ ಕಂಬಳಿ ಹಾಸಿ ಕೂರಿಸಿ, ಟೀ ಕೊಟ್ಟು, ಊರಿನ ಸಮಾಚಾರವೆಲ್ಲ ಕೇಳಿ, ನಾವು ಹೊರಡುವಾಗ ಕೌದಿಯನ್ನು ನಮ್ಮ ಚೀಲಕ್ಕೇ ತುರುಕಿದಳು. "ತಪ್ಪು ತಿಳ್ಕಬ್ಯಾಡ್ರಿ ಅಮ್ಮ. ಇನ್ನೂ ಬರದೇ ಇರೋರಿಗೆ ಹಾಸಿಗೆ ಹಾಸಬಾರದು. ವಾಪಸ್ ತಗಂಡ್ ಹೋಗ್ರಿ" ಅಂದಳು. ಅದೊಂದೇ ಮನೆಯಲ್ಲ, ಹೋದ ಮನೆಯಲ್ಲೆಲ್ಲ ಇದೇ ಆಯಿತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಾವೆಲ್ಲ ತಮಾಷೆಗೆ ಅನ್ನುವ ಮಾತು. ಹೊಟ್ಟೆಯಲ್ಲಿ ಕೂಸಿರುವ ಮನೆಯಲ್ಲಿ ಅದು ತಮಾಷೆಯಲ್ಲ. ಹೆರಿಗೆಯಾದ ಮೇಲೆ ಕೊಡೋಣವೆಂದರೆ ಬಾಣಂತಿ ಯಾವ ಊರಿನ ತವರಿನಲ್ಲಿರುತ್ತಾಳೋ, ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ.

ನನಗೆ ರೇಗಿತು. ಚಳಿಗೇನು ಶಾಸ್ತ್ರ ಗೊತ್ತೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಪಕ್ಕದಲ್ಲಿ ಕಿಟಕಿಗೆ ಕೂತಿದ್ದ ಅಕ್ಕ ಸುಮ್ಮನೆ ಕೇಳಿಸಿಕೊಂಡಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನಮ್ಮ ಪಕ್ಕದ ಮನೆಯವಳು. ಇಬ್ಬರೂ ಒಂದೇ ವಠಾರಕ್ಕೆ ಸೊಸೆಯರಾಗಿ ಬಂದವರು. ನನಗಿಂತ ಸ್ವಲ್ಪ ದೊಡ್ಡವಳು. ಈ ಕೌದಿಯ ಕೆಲಸ ಶುರು ಮಾಡಿದ್ದೇ ಅವಳು. ಐಮಂಗಲ ದಾಟಿದ ಮೇಲೆ ನನ್ನ ಕಡೆ ತಿರುಗಿ ಅಂದಳು, "ಬೈಯಬ್ಯಾಡ ಕಣೆ. ಅಂಜಿಕೆ ಇರೋ ಮನೆಗೆ ಅಂಜಿಕೊಂಡೇ ಹೋಗ್ಬೇಕು. ಬಟ್ಟೆಗೇನು ಶಾಸ್ತ್ರ ಐತೆ? ಸೂಜಿ ಬಿದ್ದ ಮೇಲೆ ತಾನೆ ಅದು ಕೌದಿ ಆಗೋದು. ಬರೀ ಬಟ್ಟೆ ಕೊಡಾಣ, ದಾರ ಕೊಡಾಣ. ಹೊಲಿಗೆ ಅವರದೇ ಇರ್ಲಿ."

ನೋಡಿ, ಇಷ್ಟೇ. ಓದಿದವರ ಸಭೆ ಕರೆದಿದ್ದರೆ ಮೂಢನಂಬಿಕೆಯ ಮೇಲೆ ಒಂದು ಭಾಷಣ ಆಗುತ್ತಿತ್ತು, ಕೂಸುಗಳು ನಡುಗುತ್ತಲೇ ಇರುತ್ತಿದ್ದವು. ಅಕ್ಕ ಯಾರನ್ನೂ ತಿದ್ದಲು ಹೋಗಲಿಲ್ಲ. ಮುಂದಿನ ಸಲ ಗಂಟು ಒಯ್ದಾಗ ಅದೇ ಅಜ್ಜಿ ಎರಡು ಕೈಯಲ್ಲಿ ಇಸಿದುಕೊಂಡು ದೇವರ ಗೂಡಿನ ಪಕ್ಕ ಇಟ್ಟಳು. ಅಂದಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ. ಊಟದ ಮನೆಯಲ್ಲಿ ಯಾರೂ ಬಟ್ಟೆಗೆ ಸೂಜಿ ಹಾಕುವ ಹಾಗಿಲ್ಲ. ಸೂಜಿಯನ್ನು ಕೂಡ ಬಟ್ಟೆಗೆ ಸಿಕ್ಕಿಸುವ ಹಾಗಿಲ್ಲ, ರಟ್ಟಿಗೇ ಸಿಕ್ಕಿಸಬೇಕು.

ಅಕ್ಕನ ವಿಷಯ ಹೇಳುವಾಗ ನನಗೆ ಹೊಗಳಿಕೆ ಜಾಸ್ತಿಯಾಗುತ್ತದೆ ಎಂದು ನಮ್ಮವರು ಅಂತಾರೆ. ಆಗಲಿ ಬಿಡಿ. ಬೆಳಿಗ್ಗೆ ಎದ್ದು ಸ್ನಾನ, ಶಿವಪೂಜೆ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಿರುವಾಗಲೇ ಮಹಡಿಯ ಮೇಲೆ ಹಂಡೆಗೆ ಉರಿ ಹಾಕಿರುತ್ತಾಳೆ. ಬಂದ ಸೀರೆ, ಪಂಚೆಗಳನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿ, ಒಗೆದು, ಬಿಸಿಲಿಗೆ ಹಾಕದೆ ಒಂದು ಚೂರನ್ನೂ ಕತ್ತರಿಗೆ ಕೊಡುವುದಿಲ್ಲ. ಜೋಗಿಮಟ್ಟಿ ಕಡೆಯ ಗಾಳಿಗೆ ಸೀರೆಗಳು ಪಟಪಟ ಬಡಿದುಕೊಳ್ಳುವಾಗ ಕೆಳಗೆ ರಸ್ತೆಯಲ್ಲಿ ಹೋಗುವವರು ಇದೇನು ಛತ್ರವೋ ಎಂದು ತಲೆಯೆತ್ತಿ ನೋಡುತ್ತಾರೆ. ಎಲ್ಲ ಮಾಡಿಯೂ ಅವಳು ಜೋರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೈಯುವ ಕೆಲಸವನ್ನು ನನಗೆ ಬಿಟ್ಟಿದ್ದಾಳೆ. ನಾನೂ ಅದನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದೇನೆ.

ಅಕ್ಕನಿಗೂ ಅವಳ ಗಂಡನಿಗೂ ಒಬ್ಬನೇ ಮಗ. ಸೊಸೆ ಹೊಳಲ್ಕೆರೆ ಕಡೆಯ ಹುಡುಗಿ, ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾಳೆ. ಅತ್ತೆ ಸೊಸೆ ಜಗಳವಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ, ಆಡಿದ್ದರೆ ನಡುವಿನ ಕಾಂಪೌಂಡ್ ಗೋಡೆ ದಾಟಿ ಬೀಳದೆ ಇರುವ ಮಾತೇ ಇಲ್ಲ. ಆ ಹುಡುಗಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಎರಡನೆಯದು ಹೋದಾಗ ಅವಳು ಆಸ್ಪತ್ರೆಯಿಂದ ಬಂದು ಮಾರನೆಯ ವಾರವೇ ಊಟದ ಮನೆಗೆ ಬಂದು ಗಂಟು ಕಟ್ಟಲು ಕೂತಳು. ಯಾರದೋ ಕೂಸಿನ ಬಟ್ಟೆಯನ್ನು ಮಡಿಚಿ ಮಡಿಚಿ ಇಡುತ್ತಿದ್ದ ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ, ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ.

ಕಳೆದ ಆಷಾಢದಲ್ಲಿ ಹೊಸದುರ್ಗದ ಕಡೆಯ ಹೆಂಗಸರು ಒಂದು ಮಾತು ಕೇಳಿ ಕಳಿಸಿದರು. ಗಂಟು ಬರುತ್ತದೆ ಸರಿ, ಚೂರುಗಳನ್ನು ಹೇಗೆ ಕೂರಿಸಬೇಕು, ಹೊಲಿಗೆ ಎಷ್ಟು ಒತ್ತಾಗಿರಬೇಕು, ಹೊಲಿದ ಒಂದನ್ನು ತಂದು ತೋರಿಸಿದರೆ ಅನುಕೂಲ ಎಂದು. ಅಕ್ಕ ಯೋಚನೆ ಮಾಡಿದಳು. ಇದು ಯಾವ ಕೂಸಿಗೂ ಅಲ್ಲ, ತೋರಿಸಲಿಕ್ಕೆ, ಆದ್ದರಿಂದ ದೋಷವಿಲ್ಲ ಎಂದು ತೀರ್ಮಾನಿಸಿ, ಮನೆಯಲ್ಲೇ ಕೂತು ಹೊಲಿ ಎಂದು ಸೊಸೆಗೆ ಒಪ್ಪಿಸಿದಳು. ನಮ್ಮ ಗುಂಪಿನಲ್ಲಿ ಅವಳ ಕೈಯಷ್ಟು ಚೆಂದದ ಕೈ ಇನ್ನೊಂದಿಲ್ಲ. ಹಳದಿ ಸೀರೆಯ ಅಂಚಿಗೆ ನೀಲಿ ಚೂರು ಕೂರಿಸಿ ಜೋಳದ ಕಾಳು ಸಾಲಿಟ್ಟ ಹಾಗೆ ಹೊಲಿದಿದ್ದಳು. ನಾವೆಲ್ಲ ಕೈಯಿಂದ ಕೈಗೆ ಕೊಟ್ಟು ನೋಡಿದೆವು.

ಭಾದ್ರಪದದಲ್ಲಿ ಗೊತ್ತಾಯಿತು, ಹುಡುಗಿ ಮತ್ತೆ ಬಸುರಿ. ಮೂರು ತಿಂಗಳು ತುಂಬುವವರೆಗೆ ಮನೆಯವರು ಬಾಯಿ ಬಿಟ್ಟಿರಲಿಲ್ಲ, ಅದು ಸರಿಯೇ. ಅಕ್ಕ ಊಟದ ಮನೆಗೆ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ಸೊಸೆ ಮೇಜಿನ ಕೊನೆಯಲ್ಲಿ ಕೂತು ತಲೆ ತಗ್ಗಿಸಿ ನಗುತ್ತಾ ಗಂಟು ಕಟ್ಟುತ್ತಿದ್ದಳು. ನಮ್ಮಲ್ಲಿ ಚಿಕ್ಕಜಾಜೂರಿನಿಂದ ರೈಲಿನಲ್ಲಿ ಬರುವ ಒಬ್ಬಾಕೆ ಇದ್ದಾಳೆ. ಗಂಡ ರೈಲ್ವೆಯಲ್ಲಿ ಕೆಲಸಕ್ಕಿದ್ದವನು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಆದರೆ ಮನಸ್ಸಿಗೂ ಬಾಯಿಗೂ ನಡುವೆ ಗೇಟೂ ಇಲ್ಲ. ಸಕ್ಕರೆ ಚಪ್ಪರಿಸುತ್ತಲೇ ಬೆರಳು ಮಡಿಚಿ ತಿಂಗಳು ಎಣಿಸಿದಳು. "ಅಲ್ರೀ, ಆ ಸ್ಯಾಂಪಲ್ ಕೌದಿ ಹೊಲಿದಿದ್ದು ಇವಳೇ ಅಲ್ವೇನ್ರಿ? ಆವಾಗ್ಲೇ ಹೊಟ್ಟೇಲಿ ನಿಂತಿತ್ತು ಅನ್ರಿ ಹಂಗಾರೆ" ಅಂದಳು.

ಕತ್ತರಿಗಳೆಲ್ಲ ನಿಂತವು. ಬಸುರಿ ತನ್ನ ಕೈಯಾರೆ ಕೂಸಿನ ಕೌದಿ ಹೊಲಿದಳು ಎಂಬುದು ಅಲ್ಲಿದ್ದ ಒಬ್ಬೊಬ್ಬರ ತಲೆಯಲ್ಲೂ ಒಂದೇ ಗಳಿಗೆಗೆ ಹೊಳೆಯಿತು. ಯಾವ ಅಂಜಿಕೆಗೆ ಹೆದರಿ ನಾವು ಊರೂರಿಗೆ ಬಿಡಿ ಬಟ್ಟೆ ಹೊರುತ್ತೇವೋ ಅದು ನಮ್ಮ ಮನೆಯಲ್ಲೇ ಆಗಿಹೋಗಿತ್ತು. "ನಿನ್ ರೈಲಿಗೆ ಹೊತ್ತಾಗಲಿಲ್ಲೇನಮ್ಮ?" ಎಂದು ನಾನು ಜಾಜೂರಿನಾಕೆಗೆ ಕೇಳಿದೆ. ಆಕೆಗೆ ಅಷ್ಟು ಹೊತ್ತಿಗೆ ತಾನು ಆಡಿದ್ದು ಏನೆಂದು ತಿಳಿದು ಮುಖ ಕಪ್ಪಿಟ್ಟಿತ್ತು. ಆದರೇನು, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅಕ್ಕ ಎದ್ದಳು. ಸಾಮಾನಿನ ಟ್ರಂಕಿನಿಂದ ಆ ಪುಟ್ಟ ಕೌದಿ ತೆಗೆದಳು, ಎಲ್ಲರಿಗೂ ಕಾಣುವ ಹಾಗೆ ನಡುಮೇಜಿನ ಮುಂದೆ ಕೂತಳು, ಸಣ್ಣ ಕತ್ತರಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದಳು. ಒಂದು ಸಾಲು ಬಿಚ್ಚಿ ದಾರ ಎಳೆದು ಪಕ್ಕಕ್ಕಿಟ್ಟು ಇನ್ನೊಂದು ಸಾಲು. ಬಟ್ಟೆಗೆ ಒಂದು ಗೀರೂ ಆಗಲಿಲ್ಲ. ಹಳದಿ ಒಂದು ಕಡೆ, ನೀಲಿ ಚೂರುಗಳು ಒಂದು ಕಡೆ, ಪಂಚೆ ಒಂದು ಕಡೆ ಆದ ಮೇಲೆ ತಲೆಯೆತ್ತಿ, "ಇದು ಯಾರ ಹೆಸರಿಗೂ ಹೊಲಿದಿದ್ದಲ್ಲ. ಈಗ ಹೊಲಿದಿದ್ದೂ ಅಲ್ಲ. ನಾಳೆ ಯಾರೂ ಏನೂ ಅನ್ನಂಗಿಲ್ಲ" ಅಂದಳು. ನಮಗೆಲ್ಲ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಗಡಿಗೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚೋಕಾಗಲ್ಲ ಅಂತಾರೆ, ಅಕ್ಕ ಅದನ್ನೂ ಮುಚ್ಚಿಬಿಟ್ಟಳಲ್ಲ ಎಂದು ನಾನು ಬೀಗಿದೆ. ಮೇಜಿನ ಕೊನೆಯಲ್ಲಿ ಕೂತವಳ ಮುಖ ಹೇಗಿದೆ ಎಂದು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ಮುಂದಿನ ವಾರದಿಂದ ಸೊಸೆ ಊಟದ ಮನೆಗೆ ಬರುವುದು ನಿಂತಿತು. ವಾಂತಿ ಇರಬೇಕು ಅಂದುಕೊಂಡೆವು. ದೀಪಾವಳಿಯ ಹೊತ್ತಿಗೆ ಸ್ವಲ್ಪ ರಕ್ತ ಕಾಣಿಸಿಕೊಂಡು ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿದರು. ಕೂಸಿನ ಎದೆಬಡಿತ ಚೆನ್ನಾಗಿದೆ, ಆದರೆ ತಾಯಿಯ ಮೈಯಲ್ಲಿ ರಕ್ತವಿಲ್ಲ, ಹಾಸಿಗೆ ಬಿಟ್ಟು ಏಳಬಾರದು, ಚೆನ್ನಾಗಿ ಉಣ್ಣಬೇಕು, ಹೀಗೇ ಉಪವಾಸ ಬಿದ್ದರೆ ಕೂಸು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳಿ ಕಳಿಸಿದರು. ಮಾತ್ರೆಗಳನ್ನು ನುಂಗುತ್ತಿದ್ದಳು. ಅನ್ನ ಮಾತ್ರ ಒಲ್ಲೆ ಅನ್ನುತ್ತಿದ್ದಳು. ಹೊಳಲ್ಕೆರೆಯಿಂದ ಅವಳ ತಾಯಿ ಬಂದು ಕಣ್ಣೀರು ಹಾಕಿ ಬೇಡಿದರು. ಗಂಡ ಹೋಟೆಲಿನಿಂದ ದೋಸೆ ತಂದ. ತಟ್ಟೆ ಹೋದ ಹಾಗೇ ವಾಪಸ್ ಬರುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ಕಾಂಪೌಂಡ್ ಗೋಡೆಯ ಆಚೆಯಿಂದ ಕರೆದಳು. "ಎರಡು ತುತ್ತು ಹೋಗ್ತಿಲ್ಲ ಕಣೆ. ನಾನು ಕೇಳಿದ್ರೆ ಗೋಡೆ ಕಡೆ ತಿರುಗ್ತಾಳೆ. ನಿನ್ ಮಾತಿಗೆ ಏನಾದ್ರೂ ಬಾಯಿ ಬಿಡ್ತಾಳೇನೋ ಬಂದು ನೋಡು" ಅಂದಳು. ಅಷ್ಟು ವರ್ಷದ ಗೆಳೆತನದಲ್ಲಿ ಅವಳ ದನಿ ಹಾಗೆ ಸೋತದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಪೊರಕೆ ಬಿಸಾಕಿ ಹೋದೆ. ಅಕ್ಕ ಪೂಜೆಗೆ ಹೋದಳು, ನಾನು ಒಳಗೆ ಹುಡುಗಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಯಾಕಮ್ಮ, ನಿಮ್ಮತ್ತೆ ಸಾರಿಗೆ ಉಪ್ಪು ಹಾಕ್ತಿಲ್ಲೇನು?" ಅಂದೆ. ನಗಲಿಲ್ಲ. ನನಗೆ ಸಂತೈಸುವ ಮಾತು ಬರುವುದಿಲ್ಲ. "ನೋಡು, ನಿನಗೆ ಹಸಿವಿಲ್ಲದಿದ್ರೆ ಬೇಡ. ಒಳಗಿರೋರಿಗೆ ಹಸಿವಿದ್ರೆ ಏನ್ ಮಾಡ್ಬೇಕು ಅವರು?" ಎಂದು ಕೇಳಿದೆ. ಆಗ ಅವಳ ಕಣ್ಣಲ್ಲಿ ನೀರು ಇಳಿಯಿತು.

"ದೊಡ್ಡಮ್ಮ, ಅತ್ತೆ ಅದನ್ನ ಬಿಚ್ಚಿದ್ರಲ್ಲ."

"ಬಿಚ್ಚಿದ್ದು ಒಳ್ಳೇದೇ ಆಯ್ತಲ್ಲಮ್ಮ."

"ತಪ್ಪಿಲ್ಲದಿದ್ರೆ ಯಾಕೆ ಬಿಚ್ತಿದ್ರು? ಅಷ್ಟು ಜನರ ಎದುರಿಗೆ? ಬಟ್ಟೆ ಬಿಚ್ಚಬಹುದು ದೊಡ್ಡಮ್ಮ. ಹೊಲಿದ ಕೈ ನಂದೇ ಅಲ್ವಾ. ಈ ಕೂಸೂ ಹೋದ್ರೆ ನಾನೇ ಕಳೆದೆ ಅಂತಾರೆ. ಅತ್ತೆ ಬಾಯಿಬಿಟ್ಟು ಅನ್ನಲ್ಲ. ಮನಸಲ್ಲಿ ಅಂದ್ಕಂತಾರೆ."

ಅಕ್ಕ ಆವತ್ತು ಬಿಚ್ಚಿದ್ದು ಊರಿನ ನಾಲಿಗೆಯಿಂದ ಈ ಹುಡುಗಿಯನ್ನು ಕಾಯಲಿಕ್ಕೆ. ಹುಡುಗಿಗೆ ಕಂಡದ್ದು, ಅತ್ತೆ ಎಲ್ಲರೆದುರಿಗೆ ತನ್ನ ತಪ್ಪನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದ್ದು. ಅಷ್ಟು ಪ್ರೀತಿಯಿಂದ ಅಷ್ಟು ದೊಡ್ಡ ಏಟು ಹಾಕಬಹುದೆಂದು ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದಾಳೆ, ಹಣೆಯ ವಿಭೂತಿ ಇನ್ನೂ ಆರಿಲ್ಲ, ಕೈಯಲ್ಲಿ ರೊಟ್ಟಿ ಪಲ್ಯದ ತಟ್ಟೆ. ಎಲ್ಲ ಕೇಳಿಸಿಕೊಂಡಿದ್ದಳು.

ಒಳಗೆ ಬಂದು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಮಂಚದ ಅಂಚಿಗೆ ಕೂತಳು. ಸ್ವಲ್ಪ ಹೊತ್ತು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಆಮೇಲೆ ಅಂದಳು, "ನಿನ್ ಗಂಡ ಹೊಟ್ಟೇಲಿದ್ದಾಗ ನಾನು ಎರಡು ಕೌದಿ ಹೊಲಿದಿದ್ದೆ."

ಹುಡುಗಿ ತಿರುಗಿ ನೋಡಿದಳು.

"ಯಾರಿಗೂ ಹೇಳಿಲ್ಲ. ನಮ್ಮತ್ತೆಗೆ ಗೊತ್ತಾಗಿದ್ರೆ ಮನೆ ಬಿಟ್ಟು ಓಡಿಸ್ತಿದ್ರು. ಮಧ್ಯಾಹ್ನ ಎಲ್ಲ ಮಲಗಿದಾಗ ಕೂತ್ಕಂಡ್ ಹೊಲೀತಿದ್ದೆ, ಟ್ರಂಕಿನಾಗೆ ಬಚ್ಚಿಡ್ತಿದ್ದೆ. ಏನಾಯ್ತು? ಅವನು ಹುಟ್ಟಲಿಲ್ಲೇನು? ಅಗೋ, ಹೊರಗೆ ಸ್ಕೂಟರ್ ಒರೆಸ್ತಾ ಅವನೆ ನೋಡು. ಏನ್ ಕಮ್ಮಿ ಆಗೈತೆ ಅವನಿಗೆ, ಒಂಚೂರು ಬುದ್ಧಿ ಬಿಟ್ರೆ?"

"ಮತ್ತೆ ಅದನ್ನ ಯಾಕೆ ಬಿಚ್ಚಿದ್ರಿ?"

"ಊರ ಬಾಯಿಗೆ ಅಂಜಿ ಬಿಚ್ಚಿದೆ ಕಣವ್ವ. ನಿನ್ ಮೇಲೆ ಅನುಮಾನ ಬಂದು ಬಿಚ್ಚಿದ್ದಲ್ಲ. ಆವತ್ತು ಅಷ್ಟು ಜನರ ಎದುರಿಗೆ, ನಾನೂ ಹೊಲಿದಿದ್ದೆ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪು ಮಾಡಿದಾಕೆ ನಾನು. ನೀನಲ್ಲ."

ಇದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಆಗ ನಾವಿದ್ದ ಆ ವಠಾರದಲ್ಲಿ ಅವಳ ಬಾಗಿಲೆದುರಿಗೇ ನನ್ನ ಬಾಗಿಲು. ಮದುವೆಯಾಗಿ ಬಂದಾಗ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಅವಳ ಮಗನ ಕೌದಿ ಹೊಲಿದದ್ದು ನನ್ನ ಅತ್ತೆ, ಅದೂ ನಾಮಕರಣ ಮುಗಿದ ಮೇಲೆ. ಬಟ್ಟೆ ಎಳೆದು ಹಿಡಿದುಕೊಂಡು ಎದುರಿಗೆ ಕೂತವಳು ನಾನೇ. ಅಕ್ಕ ಸೂಜಿ ಹಿಡಿಯಲು ಕಲಿತದ್ದು ಎಷ್ಟೋ ವರ್ಷದ ಮೇಲೆ. ಆ ಹೆಂಗಸು ಶಿವನ ಮುಂದಿನಿಂದ ಎದ್ದು ನೇರವಾಗಿ ಬಂದು ಸುಳ್ಳು ಹೇಳುತ್ತಿದ್ದಾಳೆ, ನಾನು ಬೆಕ್ಕಸ ಬೆರಗಾಗಿ ಕೂತಿದ್ದೇನೆ.

ಹುಡುಗಿ ಅತ್ತೆಯನ್ನು ಬಿಟ್ಟು ನನ್ನ ಕಡೆ ನೋಡಿದಳು. "ಹೌದಾ ದೊಡ್ಡಮ್ಮ? ನೀವು ಹೇಳ್ರಿ."

ನನ್ನನ್ನೇ ಯಾಕೆ ಕೇಳಿದಳೆಂದು ನನಗೆ ಗೊತ್ತು. ಮದುಮಗಳ ತಾಯಿಯ ಎದುರಿಗೆ, ಈ ಬಣ್ಣ ಒಂದೇ ಒಗೆತಕ್ಕೆ ಹೋಗುತ್ತೆ ಕಣ್ರಿ, ತಗೋಬ್ಯಾಡ್ರಿ ಎಂದು ನನ್ನ ಅಂಗಡಿಯ ಮಾಲನ್ನೇ ನಾನು ಹಳಿದದ್ದು ಊರಿಗೆಲ್ಲ ಗೊತ್ತು. ನಮ್ಮವರು ಅದಕ್ಕೆ ಇಂದಿಗೂ ಬೈಯುತ್ತಾರೆ. ಅಕ್ಕ ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು.

"ಹೌದು ಕಣಮ್ಮ" ಅಂದೆ. "ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದಾಕೆ ನಾನೇ. ಒಂದು ಹಸಿರು ಅಂಚಿಂದು. ಇನ್ನೊಂದು ಕೆಂಪಿಗೆ ಬಿಳಿ ಚುಕ್ಕಿ."

ಬಣ್ಣ ಯಾಕೆ ಸೇರಿಸಿದೆನೋ ಶಿವನೇ ಬಲ್ಲ. ಅಂಗಡಿಯ ಚಾಳಿ. ಅಕ್ಕ ಗಾಬರಿಯಿಂದ ನನ್ನ ಕಡೆ ನೋಡಿದಳು, ಇನ್ನೆಲ್ಲಿ ಇವಳು ಮೀಟರಿನ ಲೆಕ್ಕ ಹೇಳುತ್ತಾಳೋ ಎಂಬ ಹಾಗೆ. ಹುಡುಗಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ದಿಂಬಿಗೊರಗಿ ಕೂತು ತಟ್ಟೆಗೆ ಕೈ ಚಾಚಿದಳು. ಒಂದು ರೊಟ್ಟಿ ಮುಗಿಸಿದಳು. "ಇನ್ನೊಂದು ಐತಾ ಅತ್ತೆ?" ಎಂದು ಕೇಳಿದಳು.

ಅಕ್ಕ ಅಡಿಗೆ ಮನೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಹಂಚಿನ ಮುಂದೆ ನಿಂತು ಅಳುತ್ತಿದ್ದಾಳೆ, ರೊಟ್ಟಿ ಸೀಯುತ್ತಿದೆ. "ಪೂಜೆ ಮುಗಿಸಿ ಬಂದು ಸುಳ್ಳು ಹೇಳಿದೆನಲ್ಲೇ. ನಿನ್ ಬಾಯಲ್ಲೂ ಹೇಳಿಸಿದೆ" ಅಂದಳು. ನಾನು ರೊಟ್ಟಿ ತಿರುವಿ ಹಾಕಿದೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳಿದ್ದು ಒಂದು. ಒಂದು ಸುಳ್ಳಿಗೆ ಒಂದು ಕೂಸು ಉಳಿದ್ರೆ ಅಗ್ಗ ಬಿಡಕ್ಕ" ಅಂದೆ. ಧೈರ್ಯದ ಮಾತು ನಾಲಿಗೆಯ ಮೇಲಿತ್ತು ಅಷ್ಟೆ. ಕೂಸು ಉಳಿಯುತ್ತದೆ ಎಂಬ ನಂಬಿಕೆ ನನಗೂ ಇರಲಿಲ್ಲ.

ಆ ನಾಲ್ಕು ತಿಂಗಳು ನಾವೆಲ್ಲ ಉಸಿರು ಹಿಡಿದುಕೊಂಡೇ ಕೆಲಸ ಮಾಡಿದೆವು. ಕಾರ್ತಿಕ ಕಳೆದು ಮದುವೆಗಳು ಶುರುವಾದ್ದರಿಂದ ಊಟದ ಮನೆ ಸಿಗುತ್ತಿರಲಿಲ್ಲ, ಅಕ್ಕನ ಮಹಡಿಯ ಮೇಲೆಯೇ ಚಾಪೆ ಹಾಸಿ ಕತ್ತರಿಸಿದೆವು. ಕೆಳಗೆ ಹುಡುಗಿ ಮಲಗಿರುತ್ತಾಳೆಂದು ಕತ್ತರಿಯನ್ನು ಕೂಡ ಸದ್ದಾಗದಂತೆ ಕೆಳಗಿಡುತ್ತಿದ್ದರು. ಹೊಸದುರ್ಗಕ್ಕೆ ಹೋದಾಗ ಅಕ್ಕ ಕೌದಿಯಿಲ್ಲದೆಯೇ ಪಾಠ ಮಾಡಿದಳು. ತನ್ನ ಸೆರಗನ್ನೇ ಮಡಿಚಿ ಮೊಣಕಾಲಿನ ಮೇಲೆ ಹರಡಿ, ಚೂರು ಕೂರಿಸಿ, ಬರಿಬೆರಳಿನಲ್ಲಿ ಹೊಲಿಗೆ ಹಾಕಿ ತೋರಿಸಿದಳು. ಅಲ್ಲಿಯ ಹೆಂಗಸರು ಚೆನ್ನಾಗಿಯೇ ಕಲಿತರು. ಜಾಜೂರಿನಾಕೆ ಬಂದಾಗಲೆಲ್ಲ ಬುಟ್ಟಿಯಲ್ಲಿ ದಾಳಿಂಬೆ ತರುತ್ತಿದ್ದಳು. ಮಹಡಿಗೆ ಬರುವ ಮುಂಚೆ ಹುಡುಗಿಯ ಕೋಣೆಯ ಹೊಸಿಲ ಹತ್ತಿರ ಬುಟ್ಟಿ ಇಟ್ಟು, ಒಳಗೆ ಇಣುಕದೆ ಮೇಲೆ ಬರುವಳು. ಮಾತು ಅರ್ಧಕ್ಕರ್ಧ ಕಮ್ಮಿಯಾಗಿತ್ತು. ನನಗೆ ಆಕೆಯನ್ನು ಕೆಣಕಲು ಮನಸ್ಸು ಬರಲಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ಮಾತು.

ಶಿವರಾತ್ರಿಗೆ ಸ್ವಲ್ಪ ಮುಂಚೆ, ಮಧ್ಯಾಹ್ನದ ಹೊತ್ತಿಗೆ, ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಆದರೆ ಆಸ್ಪತ್ರೆಯ ಕಾರಿಡಾರಿನ ಈ ತುದಿಗೆ ಕೇಳುವಂಥ ಗಂಟಲು. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಕೈ ಮುಗಿದಳು. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ, ಎದುರಿಗೆ ಬಂದ ನರ್ಸಿನ ಕೈ ಹಿಡಿದು ಕುಲುಕಿದ್ದು ಮಾತ್ರ ನೆನಪಿದೆ.

ಹೆಸರಿಟ್ಟ ಮಾರನೆಯ ದಿನ ಕೌದಿ. ಅಕ್ಕ ರಾಶಿಯಿಂದ ಕೈಗೆ ಸಿಕ್ಕಿದ ಒಂದು ಗಂಟು ತೆಗೆದಳು. ಸ್ವಂತ ಮೊಮ್ಮಗಳಿಗೆ ಒಳ್ಳೆ ಬಟ್ಟೆ ಆರಿಸು ಎಂದರೆ, "ಎಲ್ಲ ಕೂಸಿಗೂ ಹೋಗೋದೇ ಇವಳಿಗೂ ಸಾಕು" ಅಂದಳು. ನಡುಮನೆಯಲ್ಲಿ ಬಟ್ಟೆ ಹಾಸಿ ನಾವೆಲ್ಲ ಸುತ್ತ ಕೂತೆವು. ಮೊದಲ ಹೊಲಿಗೆ ಅಜ್ಜಿಯದೇ ಎಂದು ಎಲ್ಲರೂ ಕಾದಿದ್ದರೆ, ಅಕ್ಕ ದಾರ ಪೋಣಿಸಿದ ಸೂಜಿಯನ್ನು ಜಾಜೂರಿನಾಕೆಯ ಕೈಗೆ ಕೊಟ್ಟಳು. "ನೀನು ಶುರು ಮಾಡು" ಅಂದಳು. ಆಕೆ ಒಂದು ಹೊಲಿಗೆ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಇನ್ನೊಂದು ಹಾಕಿ ಮತ್ತೆ ಒರೆಸಿಕೊಂಡಳು. ಹೀಗಾದರೆ ಕೂಸು ಶಾಲೆಗೆ ಹೋಗೋ ಹೊತ್ತಿಗೆ ಕೌದಿ ಮುಗಿಯುತ್ತೆ ಎಂದು ನಾನು ಗದರಬೇಕಾಯಿತು. ಅಕ್ಕನನ್ನು ಹೊಗಳುವುದು ಜಾಸ್ತಿಯಾಯಿತು ಅನ್ನುವವರು ಆವತ್ತು ಅಲ್ಲಿರಬೇಕಿತ್ತು.

ಬಾಣಂತನ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ನಾನು ಕೂಸನ್ನು ನೋಡಲು ಹೋದೆ. ಅಕ್ಕ ಮಹಡಿಯ ಮೇಲೆ ಸೀರೆ ಕುದಿಸುತ್ತಿದ್ದಳು. ಎಣ್ಣೆ ನೀರು ಮುಗಿಸಿದ ಕೂಸು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹುಡುಗಿ ಅದರ ಕೂದಲಿಗೆ ಲೋಬಾನದ ಹೊಗೆ ಹಿಡಿಯುತ್ತಾ ಸಣ್ಣ ದನಿಯಲ್ಲಿ, "ದೊಡ್ಡಮ್ಮ, ಆ ಹಸಿರು ಅಂಚಿನ ಕೌದಿ ಎಲ್ಲೈತೆ ಈಗ?" ಅಂದಳು.

"ಯಾವುದು?" ಅಂದೆ. ಅಂದ ಕೂಡಲೇ ಸಿಕ್ಕಿಬಿದ್ದೆ ಎಂದು ಗೊತ್ತಾಯಿತು.

ಅವಳು ನಕ್ಕಳು. "ಮಾವ ನಾನು ಈ ಮನೆಗೆ ಬಂದ ವರ್ಷಾನೇ ಹೇಳಿದ್ರು. ಮದುವೆ ಆದಾಗ ಅತ್ತೆ ಅವರ ಅಂಗಿ ಗುಂಡಿ ಹೊಲಿಯಾಕೆ ಹೋಗಿ ತೋಳಿಗೂ ಬೆನ್ನಿಗೂ ಸೇರಿಸಿ ಹೊಲಿದುಬಿಟ್ಟಿದ್ರು ಅಂತ. ತಮ್ಮ ಮಗನ ಕೌದೀನ ಎದುರು ಮನೆಯ ಅಜ್ಜಿ, ದೊಡ್ಡಮ್ಮ ನಿಮ್ಮ ಅತ್ತೇನೇ ಹೊಲಿದುಕೊಟ್ರು ಅಂತಾನೂ ಹೇಳಿದ್ರು."

"ಹಂಗಾದ್ರೆ ಆವತ್ತೇ ಗೊತ್ತಿತ್ತೇನು ನಿನಗೆ, ನಾವು ಹೇಳಿದ್ದು ಸುಳ್ಳು ಅಂತ?"

"ಗೊತ್ತಿತ್ತು. ಅತ್ತೆಗೆ ಮಾತ್ರ ಹೇಳಬ್ಯಾಡ್ರಿ."

ನನಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ರೇಗಿತು. "ಮತ್ತೆ ರೊಟ್ಟಿ ಯಾಕೆ ತಿಂದೆ?" ಎಂದು ಕೇಳಿದೆ.

ಅವಳು ಕೂಸಿನ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅತ್ತೆ ವಿಭೂತಿ ಹಚ್ಕಂಡು ಬಂದು ಸುಳ್ಳು ಹೇಳಿದ್ರು. ನೀವು ಅದಕ್ಕೆ ಸಾಕ್ಷಿ ಹೇಳಿದ್ರಿ, ಬಣ್ಣ ಬೇರೆ ಹೇಳಿದ್ರಿ. ಕೂಸು ಉಳೀಲಿ, ಹೋಗ್ಲಿ, ಈ ಮನೇಲಿ ನನ್ನನ್ನ ಯಾರೂ ಮನಸಲ್ಲೂ ಬೈಯಲ್ಲ ಅಂತ ಆವಾಗ ಗೊತ್ತಾಯ್ತು. ಅದಕ್ಕೇ ಹಸಿವಾಯ್ತು ದೊಡ್ಡಮ್ಮ."